ಇಟಲಿಯ ನಲ್ಲಿಗಳ ಆಕಾರ ಬದಲಾದದ್ದು ವಿನ್ಯಾಸಕರಿಂದಲೋ, ಲೋಹದಿಂದಲೋ?

ಒಳಾಂಗಣ_ಧಾರವಾಡ ಕೇಳಿದ ಪ್ರಶ್ನೆ

ಇಟಲಿಯ ಬಾತ್‌ರೂಮ್ ನಲ್ಲಿಗಳ ಬಗ್ಗೆ ತರಗತಿಗೆ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಸಿಕ್ಕ ಬರಹಗಳಲ್ಲೆಲ್ಲ ವಿನ್ಯಾಸಕರ ಹೆಸರು, ವರ್ಷ, ಚಿತ್ರ ಇಷ್ಟೇ ಇವೆ. 1970ರ ದಶಕದಲ್ಲಿ ಬಣ್ಣದ ದಪ್ಪ ಹಿಡಿಗಳು, 2000ದ ನಂತರ ಚೌಕಾಕಾರ, ಈಗ ಸಪೂರ ಸ್ಟೀಲ್ ಕೊಳವೆ. ಇವುಗಳ ಹಿಂದೆ ಯಾವ ಲೋಹ, ಯಾವ ತಯಾರಿಕಾ ವಿಧಾನ ಇತ್ತು? ನಮ್ಮ ಓವರ್‌ಹೆಡ್ ಟ್ಯಾಂಕಿನ ನೀರಿಗೆ ಇವು ಹೊಂದುತ್ತವೆಯೇ ಎಂಬುದನ್ನೂ ತಿಳಿಸಿ.

ಎರಕದ_ಅಚ್ಚು

ಮೊದಲು ನಲ್ಲಿ ತಯಾರಾಗುವ ಊರುಗಳನ್ನು ಗುರುತು ಮಾಡಿಕೊಳ್ಳಿ. ಉತ್ತರ ಇಟಲಿಯ ಪಿಯೆಮೊಂಟೆಯ ಓರ್ತಾ ಸರೋವರದ ಸುತ್ತಲಿನ ಸಾನ್ ಮೌರಿಜಿಯೊ ದೊಪಾಲ್ಯೊ, ಪೆಲ್ಲಾ, ಗೊಜ್ಜಾನೊ. ಪಕ್ಕದ ಸೇಸಿಯಾ ಕಣಿವೆಯ ಕಡೆ ವಾಲ್ದುಜ್ಜಾ. ಬ್ರೆಷಾ ಹತ್ತಿರ ಲುಮೆಜ್ಜಾನೆ. ವಾಲ್ದುಜ್ಜಾದಲ್ಲಿ ನಲ್ಲಿಗಿಂತ ಮುಂಚೆ ಚರ್ಚಿನ ಗಂಟೆಗಳ ಎರಕ ನಡೆಯುತ್ತಿತ್ತು. ಸಾನ್ ಮೌರಿಜಿಯೊದಲ್ಲಿ ನಲ್ಲಿಗೆಂದೇ ಒಂದು ಮ್ಯೂಸಿಯಂ ಇದೆ. ಓರ್ತಾದಿಂದ ಮಿಲಾನ್ ನೂರು ಕಿಲೋಮೀಟರಿನೊಳಗೆ. ವಿನ್ಯಾಸಕರು ಬೆಳಿಗ್ಗೆ ಬಂದು ಅಚ್ಚು ಮಾಡುವವರ ಜೊತೆ ಕೂತು ಸಂಜೆಗೆ ವಾಪಸಾಗಬಹುದಾದಷ್ಟು ಹತ್ತಿರ. ನನ್ನ ಅಭಿಪ್ರಾಯದಲ್ಲಿ ಈ ಕಥೆಗೆ ಹೆಸರುಗಳಿಗಿಂತ ಈ ದೂರವೇ ಮುಖ್ಯ.

ಈಗ ಆಕಾರಕ್ಕೆ ಬರೋಣ. ಹಳೆಯ ನಲ್ಲಿಯಲ್ಲಿ ಸ್ಪಿಂಡಲ್ (ಹಿಡಿಯ ಕೆಳಗಿನ ತಿರುಪಿನ ಸರಳು) ಹಲವು ಸುತ್ತು ತಿರುಗಿ ರಬ್ಬರ್ ವಾಷರನ್ನು ಸೀಟಿಗೆ, ಅಂದರೆ ನೀರು ಬರುವ ರಂಧ್ರದ ಅಂಚಿಗೆ, ಒತ್ತುತ್ತದೆ. ವಾಷರ್ ಸವೆದಂತೆ ಇನ್ನೂ ಬಿಗಿಯಾಗಿ ತಿರುಗಿಸಬೇಕು. ಒದ್ದೆ ಕೈಗೆ ಹಿಡಿತ ಸಿಗಲೆಂದೇ ಕ್ರಾಸ್ ಹಿಡಿ ಹುಟ್ಟಿದ್ದು. 1978ರಲ್ಲಿ ಪೆಲ್ಲಾದ ಫಂತೀನಿ ಕಂಪನಿಗೆ ದವಿದೆ ಮೆರ್ಕತಾಲಿ ಮತ್ತು ಪಾವೊಲೊ ಪೆದ್ರಿಜ್ಜೆತ್ತಿ ಮಾಡಿದ 'ಈ ಬಲೋಕ್ಕಿ' (ಆಟಿಕೆಗಳು ಎಂದರ್ಥ) ಆ ಹಿಡಿಯನ್ನು ತೆಗೆದುಹಾಕಲಿಲ್ಲ, ಉಬ್ಬಿಸಿ ದುಂಡಾಗಿಸಿತು, ಗಾಢ ಬಣ್ಣ ಬಳಿಯಿತು. ಒಳಗಿನದು ಹಿತ್ತಾಳೆಯೇ. ಹೊಳೆಯುವ ಕ್ರೋಮ್ ಇದ್ದ ಜಾಗಕ್ಕೆ ಬಣ್ಣ ಬಂದದ್ದೇ ಹೊಸತು.

ನಂತರ ಸೆರಾಮಿಕ್ ಡಿಸ್ಕ್ ಬಂತು. ಅಲ್ಯುಮಿನಾ ಎಂಬ ಗಟ್ಟಿ ಸೆರಾಮಿಕ್‌ನ ಎರಡು ಬಿಲ್ಲೆಗಳನ್ನು ಕನ್ನಡಿಯಷ್ಟು ಸಮತಟ್ಟಾಗಿ ಉಜ್ಜಿ ಒಂದರ ಮೇಲೊಂದು ಜಾರಿಸುತ್ತಾರೆ. ಕಾಲು ಸುತ್ತು ಸಾಕು, ಬಲವೂ ಕಡಿಮೆ ಸಾಕು. ಹಿಡಿ ಕಡ್ಡಿಯಷ್ಟು ತೆಳ್ಳಗಾಗಲು, ಗಾಜಿನಂಥ ವಸ್ತುವಿನಿಂದ ಮಾಡಲು ದಾರಿಯಾದದ್ದು ಇಲ್ಲಿ. ಫಂತೀನಿಯದೇ 'ವೆನೇತ್ಸಿಯಾ' ಸರಣಿಯಲ್ಲಿ ವೆನೀನಿ ಗಾಜಿನ ಕಂಪನಿಯವರ ಮುರಾನೊ ಗಾಜಿನ ಹಿಡಿಗಳಿವೆ. ವಿನ್ಯಾಸ ಮತ್ತೆಯೊ ಥುನ್ ಮತ್ತು ಅಂತೋನಿಯೊ ರೊದ್ರಿಗೆಜ್ ಅವರದು.

ಪಾಲಿಶ್_ಚಕ್ರ

ಚೌಕಾಕಾರದ ಬಗ್ಗೆ ನಾನು ಹೇಳುತ್ತೇನೆ. ಸೇಸಿಯಾ ಕಣಿವೆಯ ಜೆಸ್ಸಿ ಕಂಪನಿಗೆ ಪ್ರೊಸ್ಪೆರೊ ರಝೂಲೊ ಮಾಡಿದ 'ರೆತ್ತಾಂಗೊಲೊ' ಇದರ ಪ್ರಸಿದ್ಧ ಉದಾಹರಣೆ. ನೋಡಲು ಸರಳ, ಮಾಡಲು ದುಂಡು ನಲ್ಲಿಗಿಂತ ಕಷ್ಟ. ಮೂರು ಕಾರಣ.

ಹಿತ್ತಾಳೆಯ ಒಡಲನ್ನು ಒಳಗೆ ಮರಳಿನ ಕೋರ್ (ಒಳಟೊಳ್ಳು ಮೂಡಿಸುವ ತುಂಡು) ಇಟ್ಟು ಲೋಹದ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ, ಇಲ್ಲವೇ ಸುಮಾರು 700–750 ಡಿಗ್ರಿಗೆ ಕಾಯಿಸಿದ ತುಂಡನ್ನು ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಎರಕ ಆರುವಾಗ ಕುಗ್ಗುತ್ತದೆ. ದುಂಡು ಮೈಯಲ್ಲಿ ಕಾಣದ ತಗ್ಗು ಚಪ್ಪಟೆ ಮೈಯಲ್ಲಿ ಬೆಳಕು ಬಿದ್ದ ಕೂಡಲೇ ಕಾಣುತ್ತದೆ. ಎರಡನೆಯದು ಪಾಲಿಶ್: ಬಟ್ಟೆಯ ಚಕ್ರ ಮೊದಲು ತಿನ್ನುವುದು ಅಂಚನ್ನೇ. ಕೈ ಒಂದಿಷ್ಟು ಹೆಚ್ಚು ಒತ್ತಿದರೂ ಚೂಪು ಅಂಚು ಸಾಬೂನಿನ ಅಂಚಿನಂತಾಗುತ್ತದೆ. ಮೂರನೆಯದು ಲೇಪ. ವಿದ್ಯುತ್ ಪ್ರವಾಹ ಅಂಚಿನಲ್ಲಿ ಗುಂಪುಗೂಡುವುದರಿಂದ ಅಲ್ಲಿ ನಿಕ್ಕಲ್ ದಪ್ಪ, ಒಳಮೂಲೆಯಲ್ಲಿ ತೆಳು. ನಿಕ್ಕಲ್ ಪದರ ಸುಮಾರು 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಅದರ ಮೇಲಿನ ಕ್ರೋಮ್ ಬರೀ 0.2–0.3 ಮೈಕ್ರಾನ್. ಲೋಹವನ್ನು ನೀರಿನಿಂದ ಕಾಯುವುದು ನಿಕ್ಕಲ್. ಅದು ತೆಳುವಾದ ಮೂಲೆಯಲ್ಲೇ ಮೊದಲು ಹಸಿರು ಚುಕ್ಕೆ ಏಳುತ್ತದೆ. ಚೌಕ ನಲ್ಲಿ ಕೊಳ್ಳುವಾಗ ಒಳಮೂಲೆಯನ್ನು ನೋಡಿ, ಮೇಲ್ಮೈಯನ್ನಲ್ಲ.

ಒಳಾಂಗಣ_ಧಾರವಾಡ

ಇಬ್ಬರಿಗೂ ಧನ್ಯವಾದ. ಹಾಗಾದರೆ ಸ್ಟೀಲಿಗೆ ಹೋದದ್ದು ಲೇಪದ ತಾಪತ್ರಯ ತಪ್ಪಿಸಲೋ, ಹಿತ್ತಾಳೆಯಲ್ಲಿರುವ ಸೀಸದ ಕಾರಣಕ್ಕೋ?

ಸತು_ತಾಮ್ರ

ಎರಡೂ. ಸಾಮಾನ್ಯವಾಗಿ ಬಳಸುವ ಸಿಡಬ್ಲ್ಯು 617 ಎನ್ ಎಂಬ ದರ್ಜೆಯ ಹಿತ್ತಾಳೆಯಲ್ಲಿ ತಾಮ್ರ 57–59 ಶೇಕಡ, ಸೀಸ ಸುಮಾರು 2 ಶೇಕಡ, ಉಳಿದದ್ದು ಹೆಚ್ಚುಕಡಿಮೆ ಸತು. ಸೀಸ ಹಾಕುವುದು ಲೇತಿನಲ್ಲಿ ಚೂರು ಪುಡಿಯಾಗಿ ಉದುರಲಿ ಅಂತ. ಅದನ್ನು ತೆಗೆದರೆ ಚೂರು ಉದ್ದ ದಾರದಂತೆ ಸುತ್ತಿಕೊಂಡು ಟೂಲ್ ಬೇಗ ಸವೆಯುತ್ತದೆ. ಯುರೋಪಿಯನ್ ಒಕ್ಕೂಟದ 2020ರ ಕುಡಿಯುವ ನೀರಿನ ನಿರ್ದೇಶನ ಸೀಸದ ಮಿತಿಯನ್ನು ಲೀಟರಿಗೆ 10ರಿಂದ 5 ಮೈಕ್ರೊಗ್ರಾಂಗೆ ಇಳಿಸುತ್ತದೆ. ಗಡುವು 2036ರ ಜನವರಿ.

316 ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸೀಸ ಸೇರಿಸುವುದಿಲ್ಲ, ಲೇಪವೂ ಬೇಡ. 2–3 ಶೇಕಡ ಮಾಲಿಬ್ಡಿನಮ್ ಇರುವುದರಿಂದ ಕ್ಲೋರೈಡ್ (ಉಪ್ಪಿನಂಶ) ಇರುವ ನೀರನ್ನು ಸಾಮಾನ್ಯ 304 ದರ್ಜೆಯ ಸ್ಟೀಲಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಹಿತ್ತಾಳೆಯಷ್ಟು ಸಲೀಸಾಗಿ ಎರಕಕ್ಕೆ ಒಗ್ಗುವುದಿಲ್ಲ. ಸರಳಿನಿಂದ ಕಡೆದು, ಕೊಳವೆ ಬಾಗಿಸಿ, ಬೆಸೆಯಬೇಕು. ಈಗಿನ ಸಪೂರ ಕೊಳವೆ ರೂಪದಲ್ಲಿ ಅರ್ಧ ಪಾಲು ಈ ಕೆಲಸದ ಕ್ರಮದ್ದೇ. ವಿಚೆಂಜಾ ಪ್ರಾಂತ್ಯದ ಚೆಆ ಕಂಪನಿಗೆ ನತಾಲಿನೊ ಮಲಸೊರ್ತಿ ಮಾಡಿದ ನಲ್ಲಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಬಣ್ಣ ಬೇಕಾದರೆ ಈಗ ಪಿವಿಡಿ ಎಂಬ ಲೇಪ ವಿಧಾನ: ನಿರ್ವಾತ ಕೋಣೆಯಲ್ಲಿ ಜಿರ್ಕೋನಿಯಮ್ ನೈಟ್ರೈಡಿನಂಥ ಪದರ ಕೂರಿಸುತ್ತಾರೆ. ಬಲು ಗಟ್ಟಿ, ಆದರೆ ಒಂದು ಮೈಕ್ರಾನ್ ಆಸುಪಾಸಿನ ದಪ್ಪ. ಅಡಿಯ ಗೀರನ್ನು ಅದು ಮುಚ್ಚುವುದಿಲ್ಲ.

ಮೂರನೇ_ಮಹಡಿ_ಪ್ಲಂಬಿಂಗ್

ಓವರ್‌ಹೆಡ್ ಟ್ಯಾಂಕಿನ ಪ್ರಶ್ನೆಗೆ. ಮಿಕ್ಸರ್‌ಗೆ (ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿಗೆ) ಯುರೋಪಿನ ಮಾನದಂಡ ಇಎನ್ 817. ಅದು ಶಿಫಾರಸು ಮಾಡುವ ಒತ್ತಡ 1ರಿಂದ 5 ಬಾರ್. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಲೆಕ್ಕ. ಟ್ಯಾಂಕ್ ನಲ್ಲಿಗಿಂತ 3 ಮೀಟರ್ ಮೇಲಿದ್ದರೆ 0.3 ಬಾರ್ ಮಾತ್ರ. ಹರಿವು ಒತ್ತಡದ ವರ್ಗಮೂಲದಂತೆ ಇಳಿಯುತ್ತದೆ, ಹಾಗಾಗಿ 3 ಬಾರಿನಲ್ಲಿ ನಿಮಿಷಕ್ಕೆ 12 ಲೀಟರ್ ಕೊಡುವ ನಲ್ಲಿ ಇಲ್ಲಿ 4 ಲೀಟರಿಗೂ ಕಡಿಮೆ. ಬೇಸಿನ್ನಿಗೆ ಪರವಾಗಿಲ್ಲ, ಶವರಿಗೆ ಪ್ರೆಶರ್ ಪಂಪ್ ಬೇಕೇ ಬೇಕು.

ಹೋಸ್ ತುದಿಯನ್ನೂ ನೋಡಿಕೊಳ್ಳಿ. ಇಟಲಿಯಿಂದ ಬಂದದ್ದು ಸಾಮಾನ್ಯವಾಗಿ 3/8 ಇಂಚು, ನಮ್ಮ ಆಂಗಲ್ ಕಾಕ್ (ಗೋಡೆಯ ಪೈಪಿನ ಬಾಯಿಯ ಚಿಕ್ಕ ವಾಲ್ವ್) 1/2 ಇಂಚು. ಅಡಾಪ್ಟರ್ ಮೊದಲೇ ತಂದಿಡಿ. ಟೈಲ್ಸ್ ಕೆಲಸ ಮುಗಿದ ಮನೆಯಲ್ಲಿ ಪೈಪಿನಲ್ಲಿ ಮರಳು, ಸಿಮೆಂಟ್ ಇದ್ದೇ ಇರುತ್ತದೆ. ನಲ್ಲಿ ಕೂರಿಸುವ ಮುನ್ನ ಲೈನಿನಲ್ಲಿ ಐದು ನಿಮಿಷ ನೀರು ಹರಿಯಬಿಟ್ಟು ತೊಳೆಯಿರಿ. ಸೆರಾಮಿಕ್ ಬಿಲ್ಲೆಗಳ ನಡುವೆ ಒಂದು ಮರಳಿನ ಕಣ ಸಿಕ್ಕಿ ಗೀರು ಬಿದ್ದರೆ ತೊಟ್ಟಿಕ್ಕುವುದು ನಿಲ್ಲುವುದಿಲ್ಲ, ಕಾರ್ಟ್ರಿಜ್ (ಆ ಬಿಲ್ಲೆಗಳಿರುವ ಒಳತುಂಡು) ಬದಲಿಸಬೇಕು. ಅದಕ್ಕೇ ಕೊಳ್ಳುವಾಗಲೇ ಕಾರ್ಟ್ರಿಜ್ ಅಳತೆ ಕೇಳಿ ಬರೆದಿಟ್ಟುಕೊಳ್ಳಿ. 35, 40 ಮಿ.ಮೀ. ಸುಲಭವಾಗಿ ಸಿಗುತ್ತವೆ, ಸಪೂರ ನಲ್ಲಿಗಳ 25 ಮಿ.ಮೀ. ಹುಡುಕಬೇಕಾಗುತ್ತದೆ.

ಬೋರ್‌ವೆಲ್ ನೀರಾದರೆ ಏರೇಟರ್ (ನಲ್ಲಿಯ ಬಾಯಿಯಲ್ಲಿರುವ ಜಾಲರಿ) ಬಿಚ್ಚಿ ಸಮಪಾಲು ನೀರು ಬೆರೆಸಿದ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆದು ಹಾಕಿ. ಬಾತ್‌ರೂಮ್ ತೊಳೆಯುವ ಆಸಿಡ್ ತಾಗಿಸಲೇಬೇಡಿ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮನ್ನು ಕರಗಿಸುತ್ತದೆ, 316 ಎಲ್ ಮೇಲೂ ಗುಳಿ ಬೀಳಿಸುತ್ತದೆ.