ಅಪ್‌ಡೇಟ್: ಚರಾಕ್ಷರ ಕೊಡೋದು ಕಡ್ಡಾಯವೋ, ಐಚ್ಛಿಕವೋ?

ನಮ್ಮ ಪೈಥಾನ್ ಲೈಬ್ರರಿಯಲ್ಲಿ ಡೆರಿವೇಟಿವ್ (ಒಂದು ಚರಾಕ್ಷರ, ಅಂದರೆ ಎಕ್ಸ್, ಟಿ ಥರ ಬೆಲೆ ಬದಲಾಗುವ ಅಕ್ಷರ, ಬದಲಾದಾಗ ಸೂತ್ರದ ಬೆಲೆ ಬದಲಾಗುವ ದರ) ಲೆಕ್ಕ ಹಾಕುವ ಫಂಕ್ಷನ್‌ಗೆ ಯಾವ ಚರಾಕ್ಷರ ಅಂತ ಹೇಳೋದನ್ನು ಐಚ್ಛಿಕ ಮಾಡಬಹುದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

"ಹೇಳದಿದ್ದರೆ ಎಕ್ಸ್ ಅಂದುಕೊಳ್ಳಿ" ಅನ್ನೋ ಸಲಹೆ ಕೆಲಸ ಮಾಡಲಿಲ್ಲ. ಕಲ್ಲು ಎಷ್ಟು ದೂರ ಬೀಳುತ್ತದೆ ಅನ್ನೋ ಸೂತ್ರ ½ ಜಿ ಟಿ² (ಜಿ ಅಂದರೆ ಗುರುತ್ವದ ವೇಗೋತ್ಕರ್ಷ, ಟಿ ಅಂದರೆ ಸಮಯ) ಕೊಟ್ಟರೆ, ಅದರಲ್ಲಿ ಎಕ್ಸ್ ಇಲ್ಲವಲ್ಲ, ಉತ್ತರ 0 ಬಂತು. ಎರರ್ ಕೂಡ ಇಲ್ಲ. ಇಂಥ ತಪ್ಪು ಉತ್ತರ ತುಂಬಾ ಅಪಾಯ.

ಕೈಹಿಡಿದದ್ದು ಸಿಂಪೈ (ಅಕ್ಷರಗಳಿರುವ ಗಣಿತ ಮಾಡುವ ಪೈಥಾನ್ ಲೈಬ್ರರಿ) ದಾರಿ: ಒಂದೇ ಚರಾಕ್ಷರ ಇದ್ದರೆ ಬಿಡಬಹುದು, ಜಾಸ್ತಿ ಇದ್ದರೆ ಎರರ್. ಈಗ ಅದೇ ಸೂತ್ರಕ್ಕೆ "ಜಿ ಬೇಕಾ, ಟಿ ಬೇಕಾ ಹೇಳಿ" ಅಂತ ಬರುತ್ತದೆ.

ಆದರೆ ಒಂದು ವಿಷಯ ಅಚ್ಚರಿ ತಂದಿತು. ಜಿ ಜಾಗಕ್ಕೆ 9.8 ಹಾಕಿದ ತಕ್ಷಣ ಉಳಿಯೋದು ಟಿ ಒಂದೇ, ಎರರ್ ಮಾಯ! ಅಂದರೆ ಅದೇ ಕೋಡ್ ಸಾಲು ಒಳಗೆ ಬರುವ ಬೆಲೆಯನ್ನು ನೋಡಿಕೊಂಡು ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಅದಕ್ಕೇ ಲೈಬ್ರರಿಯ ಒಳಗಿನ ಕೋಡ್‌ನಲ್ಲಿ ಚರಾಕ್ಷರ ಕಡ್ಡಾಯ ಮಾಡಿದೆವು. ಬಿಡುವ ಅನುಕೂಲ ನೇರವಾಗಿ ಟೈಪ್ ಮಾಡುವವರಿಗೆ ಮಾತ್ರ.

ಬರೀ 5 ಕೊಟ್ಟರೆ? ಡೆರಿವೇಟಿವ್ ಯಾವ ಚರಾಕ್ಷರಕ್ಕಾದರೂ 0, ತೊಂದರೆಯಿಲ್ಲ. ಇಂಟಿಗ್ರಲ್ (ಡೆರಿವೇಟಿವ್‌ನ ಉಲ್ಟಾ ಲೆಕ್ಕ) ಹಾಗಲ್ಲ ಅಲ್ವಾ, ಉತ್ತರ 5 ಎಕ್ಸೋ 5 ಟಿಯೋ? ಅಲ್ಲಿ ಕೇಳಲೇಬೇಕು.