ಮೊಲದ ಹಿಮ್ಮಡಿಯಲ್ಲಿ ಹುಣ್ಣು, ಮುಲಾಮು ಹಚ್ಚಬಹುದಾ?

ಹೊಲಿಗೆಮನೆ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮಲ್ಲಿ ಒಂದು ಬಿಳಿ ಮೊಲ ಇದೆ, ಹೆಸರು ಮಂಡಕ್ಕಿ. ನ್ಯೂಜಿಲೆಂಡ್ ವೈಟ್ ಜಾತಿ, ಹೆಣ್ಣು, ನಾಲ್ಕು ವರ್ಷ. ಪರಿಚಯದವರೊಬ್ಬರು ಮೊಲ ಸಾಕಣೆ ಮಾಡುತ್ತಿದ್ದರು, ನಷ್ಟ ಅಂತ ಶೆಡ್ ಮುಚ್ಚಿದರು. ಕೊನೆಗೆ ಉಳಿದದ್ದನ್ನು ನಾನು ತಂದೆ. ಅಲ್ಲಿ ಮೊದಲ ಎಂಟು ತಿಂಗಳು ತಂತಿ ಜಾಲರಿಯ ಮೇಲೆ ಬೆಳೆದದ್ದು. ಇಲ್ಲಿ ಪಂಜರ ಇಲ್ಲ, ಹಾಲ್ ಮತ್ತು ಹೊಲಿಗೆ ಕೋಣೆ ಎರಡೂ ಅದರದ್ದೇ.

ಹೋದ ಶುಕ್ರವಾರ ನೆಲ ಒರೆಸುವಾಗ ಮಷಿನ್ ಕೆಳಗೆ ನಾಲ್ಕೈದು ಕೆಂಪು ಚುಕ್ಕೆ ಕಂಡವು. ಕುಂಕುಮ ಚೆಲ್ಲಿದೆ ಅಂದುಕೊಂಡು ಒರೆಸಿಬಿಟ್ಟೆ. ಶನಿವಾರ ಮತ್ತೆ ಅದೇ ಜಾಗದಲ್ಲಿ. ಮಂಡಕ್ಕಿ ದಿನವೆಲ್ಲಾ ಕೂರುವುದು ಅಲ್ಲೇ, ಪೆಡಲ್ ಪಕ್ಕ, ತಣ್ಣನೆ ಟೈಲ್ಸ್ ಮೇಲೆ. ನಮ್ಮ ಯಜಮಾನರು ಹಿಡಿದುಕೊಂಡರು, ನಾನು ಅಂಗಾತ ಮಾಡಿ ನೋಡಿದೆ. ಎಡಗಡೆ ಹಿಂಗಾಲಿನ ಹಿಮ್ಮಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕೂದಲೇ ಇಲ್ಲ. ಸುತ್ತ ಕೆಂಪು, ನಡುವೆ ಕಪ್ಪು ಹಕ್ಕಳೆ, ಅದರ ಅಂಚು ಒದ್ದೆ ಒದ್ದೆ. ಬಲಗಡೆ ಬರೀ ಬೋಳಾಗಿ ಗುಲಾಬಿ ಬಣ್ಣ, ಗಾಯ ಇಲ್ಲ.

ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದೆ. ಹತ್ತು ನಿಮಿಷದಲ್ಲಿ ನೆಕ್ಕಿ ಖಾಲಿ. ಬಟ್ಟೆ ಕಟ್ಟಿದೆ, ಬೆಳಿಗ್ಗೆ ಅದು ನೀರಿನ ಬಟ್ಟಲ ಪಕ್ಕ ಬಿದ್ದಿತ್ತು. ಮೆಡಿಕಲ್ ಶಾಪಿನವನು ಒಂದು ಟ್ಯೂಬ್ ಕೊಟ್ಟ, ಇನ್ನೂ ಹಚ್ಚಿಲ್ಲ. ಇಲ್ಲಿನ ದನದ ಡಾಕ್ಟರು “ಮೊಲ ನೋಡಿ ಅಭ್ಯಾಸ ಇಲ್ಲಮ್ಮ” ಅಂತ ನೇರವಾಗಿ ಹೇಳಿದರು.

ತೂಕ 5 ಕೆಜಿ 700 ಗ್ರಾಂ. ತಿನ್ನುವುದು ಒಂದು ಬಟ್ಟಲು ಪೆಲೆಟ್, ದಿನಾ ಒಂದು ಕಟ್ಟು ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು), ಕ್ಯಾರೆಟ್. ಒಣಹುಲ್ಲು ಹಾಕಿದರೆ ಮೂಸಿ ಬಿಡುತ್ತದೆ. ಟ್ಯೂಬ್ ಹಚ್ಚಬಹುದಾ? ನಮ್ಮ ಅತ್ತೆಯ ಹಳೇ ಕೌದಿ ಒಂದಿದೆ, ನೆಲಕ್ಕೆ ಹಾಸಿದರೆ ಆಗುತ್ತದಾ?

ತೋಟದಮನೆ:

ಅಕ್ಕ, ಗೋಣಿಚೀಲ ಹಾಸಿ ಸಾಕು. ನಮ್ಮ ಊರಲ್ಲಿ ಮೊಲಕ್ಕೆ ಅದನ್ನೇ ಹಾಸೋದು, ಏನೂ ಆಗಿಲ್ಲ.

ಗರಿಕೆಹುಲ್ಲು:

ಗೋಣಿಚೀಲ ಬೇಡ ಅಕ್ಕ. ನಾರು ಒರಟು, ಗಾಯದ ಮೇಲೆ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಉಚ್ಚೆ ಬಿದ್ದರೆ ಬೇಗ ಒಣಗುವುದೂ ಇಲ್ಲ. ತೆಂಗಿನ ನಾರಿನ ಕಾಲೊರಸು, ಒರಟು ಕಾರ್ಪೆಟ್ ಕೂಡ ಅಷ್ಟೇ.

ನಾನು ಬೆಂಗಳೂರಿನಲ್ಲಿ ಆರು ವರ್ಷ ರೆಕ್ಸ್ ಜಾತಿಯ ಮೊಲ ಸಾಕಿದವನು. ಆ ಜಾತಿಗೆ ಮೈಮೇಲಿನ ಉದ್ದ ಕೂದಲು ಇರುವುದೇ ಇಲ್ಲ, ಮೈ ಮಖಮಲ್ಲು. ಹಿಮ್ಮಡಿಯಲ್ಲೂ ಅಷ್ಟೇ, ಹಾಗಾಗಿ ಈ ಕಾಯಿಲೆ ಅದಕ್ಕೆ ಮನೆಯ ನೆಂಟ. ಮೊದಲ ವರ್ಷ ನಾನೂ ಟ್ಯೂಬ್ ಮೇಲೆ ಟ್ಯೂಬ್ ತಂದೆ. ವಾಸಿ ಆಗಲು ಶುರುವಾದದ್ದು ನೆಲ ಬದಲಾದ ಮೇಲೆ.

ನಾಯಿ ಬೆಕ್ಕಿಗೆ ಅಂಗಾಲಲ್ಲಿ ಮೆತ್ತೆ ಇರುತ್ತದೆ ಅಲ್ವಾ, ಮೊಲಕ್ಕೆ ಅದಿಲ್ಲ. ಇರುವುದು ತೆಳ್ಳನೆ ಚರ್ಮ, ಅದರ ಮೇಲೆ ದಟ್ಟ ಕೂದಲು, ಒಳಗಡೆ ತಕ್ಷಣ ಮೂಳೆ. ಮಣ್ಣಲ್ಲಿ, ಹುಲ್ಲಲ್ಲಿ ಕಾಲು ಸ್ವಲ್ಪ ಹೂತುಕೊಳ್ಳುತ್ತದೆ, ಭಾರ ಇಡೀ ಪಾದಕ್ಕೆ ಹಂಚಿಹೋಗುತ್ತದೆ. ಟೈಲ್ಸ್ ಮೇಲೆ ಎಲ್ಲಾ ಭಾರ ಆ ನಾಣ್ಯದಗಲ ಜಾಗಕ್ಕೇ. ಕೂದಲು ಹೋಗುತ್ತದೆ, ದಡ್ಡು ಕಟ್ಟುತ್ತದೆ, ಆಮೇಲೆ ಬಿರಿಯುತ್ತದೆ. ಬಲಗಾಲಿನ ಬೋಳು ಜಾಗಕ್ಕೆ ಹೆದರಬೇಡಿ. ಒಣಗಿದ್ದರೆ, ಕೆಂಪು ಊತ ಇಲ್ಲದಿದ್ದರೆ ಎಷ್ಟೋ ಮೊಲಗಳು ಹಾಗೇ ಇರುತ್ತವೆ. ಎಡಗಾಲು ಮಾತ್ರ ಡಾಕ್ಟರಿಗೆ ತೋರಿಸಲೇಬೇಕು.

ಈಗ ಕೌದಿ. ಪದರ ಪದರ ಹಳೇ ಸೀರೆ, ಮೆತ್ತನೆ ವಿಷಯದಲ್ಲಿ ಅದನ್ನು ಮೀರಿಸುವುದು ಬೇರೆ ಇಲ್ಲ. ಆದರೆ ಹತ್ತಿ ಒದ್ದೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆ ಮೆತ್ತೆ ಗಟ್ಟಿ ನೆಲಕ್ಕಿಂತ ಒಳ್ಳೆಯದೇನಲ್ಲ. ಅದಕ್ಕೇ ಕೌದಿ ಕೆಳಗೆ, ಮೇಲೆ ಫ್ಲೀಸ್ ಬಟ್ಟೆ. ಮಕ್ಕಳ ಚಳಿ ಹೊದಿಕೆ ಬರುತ್ತದಲ್ಲ, ಅದು. ಒದ್ದೆ ಕೆಳಗೆ ಇಳಿದು ಮೇಲ್ಮೈ ಒಣಗಿರುತ್ತದೆ. ದಿನಾ ಬದಲಾಯಿಸಲು ಎರಡು ಮೂರು ಇಟ್ಟುಕೊಳ್ಳಿ. ದಾರ ಹೊರಗೆ ಕಾಣಬಾರದು, ಜಗಿದು ನುಂಗಿದರೆ ಹೊಟ್ಟೆ ಕಟ್ಟುತ್ತದೆ. ಹಾಸಿದ ಮೇಲೆ ನಿಮ್ಮ ಮೊಣಕೈ ಊರಿ ಐದು ನಿಮಿಷ ಕೂತು ನೋಡಿ. ನಿಮಗೆ ನೆಲ ತಾಗಿದರೆ ಅದಕ್ಕೂ ತಾಗುತ್ತದೆ.

ಇನ್ನೊಂದು ಮಾತು, ನಾನು ಮೂರು ತಿಂಗಳು ತಡವಾಗಿ ಕಲಿತದ್ದು. ಮೆತ್ತೆಯನ್ನು ನಿಮಗೆ ಚಂದ ಕಾಣುವ ಮೂಲೆಗೆ ಹಾಕಬೇಡಿ, ಅದು ಕೂರುವ ಜಾಗಕ್ಕೇ ಹಾಕಿ. ನಾನು ಬಾಲ್ಕನಿ ಬಾಗಿಲ ಹತ್ತಿರ ರಾಜಾಸನ ಮಾಡಿಟ್ಟಿದ್ದೆ. ನಮ್ಮವನು ಅದನ್ನು ದಾಟಿ ಹೋಗಿ ಫ್ರಿಜ್ ಪಕ್ಕದ ಬರೀ ನೆಲದ ಮೇಲೇ ಕೂರುತ್ತಿದ್ದ. ನಿಮ್ಮ ಮಂಡಕ್ಕಿ ಟೈಲ್ಸ್ ಹುಡುಕುವುದು ಸೆಕೆಗೆ. ದಾವಣಗೆರೆ ಬಿಸಿಲು ಗೊತ್ತಲ್ಲ! ಬಾಟಲಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಬಟ್ಟೆ ಸುತ್ತಿ ಮೆತ್ತೆಯ ಪಕ್ಕ ಇಡಿ. ತಂಪು ಅಲ್ಲೇ ಸಿಕ್ಕರೆ ಅಲ್ಲೇ ಕೂರುತ್ತದೆ.

ಉಗುರು ನೋಡಿದ್ದೀರಾ? ಉದ್ದ ಆದರೆ ಬೆರಳು ಮೇಲಕ್ಕೆದ್ದು ಭಾರ ಹಿಂದಕ್ಕೆ, ಹಿಮ್ಮಡಿಗೆ ಬೀಳುತ್ತದೆ. ಬಿಳಿ ಮೊಲದ ಉಗುರಲ್ಲಿ ರಕ್ತನಾಳ ಗುಲಾಬಿ ಬಣ್ಣಕ್ಕೆ ಸ್ಪಷ್ಟ ಕಾಣುತ್ತದೆ, ಅದಕ್ಕಿಂತ ಸ್ವಲ್ಪ ಮುಂದೆ ಕತ್ತರಿಸಿ. ತಿಂಗಳು ಒಂದೂವರೆ ತಿಂಗಳಿಗೊಮ್ಮೆ.

ದಯವಿಟ್ಟು ಅಂಗಾತ ಮಾತ್ರ ಮಾಡಬೇಡಿ. ಹೆದರಿ ಒದ್ದರೆ ಬೆನ್ನುಮೂಳೆ ಮುರಿದುಕೊಳ್ಳುವಷ್ಟು ಬಲ ಆ ಹಿಂಗಾಲಿಗಿದೆ. ಯಜಮಾನರು ತೊಡೆ ಮೇಲೆ ಕೂರಿಸಿಕೊಂಡು ಅದರ ಬೆನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿಯಲಿ, ಕೆಳಗೆ ಒಂದು ಕೈ ಆಸರೆ. ನೀವು ಎದುರು ಕೂತು ಪಾದ ನೋಡಿ.

ಹಸಿರುಕೋಟು:

ನಾನು ಪಶುವೈದ್ಯೆ. ನೋಡದೆ ಔಷಧ ಹೇಳುವುದಿಲ್ಲ, ಬೇಡದ್ದನ್ನು ಮಾತ್ರ ಹೇಳುತ್ತೇನೆ.

ಆ ಟ್ಯೂಬ್ ಬೇಡ. ಮೆಡಿಕಲ್ ಶಾಪಿನಲ್ಲಿ ಗಾಯಕ್ಕೆ, ತುರಿಕೆಗೆ ಅಂತ ಕೊಡುವ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಮೊಲಕ್ಕೆ ಅದು ಆಗಿಬರುವುದಿಲ್ಲ, ಹಚ್ಚಿದ್ದೆಲ್ಲಾ ಬಾಯಿಗೇ ಹೋಗುತ್ತದೆ. ಮನುಷ್ಯರ ನೋವಿನ ಮಾತ್ರೆ ಬೇಡ. ಅಮಾಕ್ಸಿಸಿಲಿನ್ ಅಂತೂ ಬಾಯಿಗೆ ಹಾಕಲೇಬಾರದು. ಅದು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಮೊಲದ ಪ್ರಾಣಕ್ಕೇ ಕುತ್ತು ತರುತ್ತದೆ. ಮೊಲ ನೋಡಿ ಅಭ್ಯಾಸ ಇಲ್ಲದವರು ಗಡಿಬಿಡಿಯಲ್ಲಿ ಬರೆದುಬಿಡಬಹುದು, ನೀವೇ ಕೇಳಿ.

ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀಚಮಚ ಉಪ್ಪು ಹಾಕಿ, ಹತ್ತಿಯಲ್ಲಿ ಅದ್ದಿ ಗಾಯ ಮಾತ್ರ ಒರೆಸಿ. ಒತ್ತಿ ಒಣಗಿಸಿ. ಹಕ್ಕಳೆ ಕೀಳಬೇಡಿ, ಸುತ್ತಲಿನ ಕೂದಲು ಕತ್ತರಿಸಬೇಡಿ, ಸ್ನಾನ ಬೇಡವೇ ಬೇಡ.

ಡಾಕ್ಟರಿಗೆ ತೋರಿಸುವಾಗ ಕಾಲಿನ ಎಕ್ಸ್‌ರೇ ಕೂಡ ತೆಗೆಸಿ. ಯಾಕೆ ಅಂದರೆ, ಮೊಲದ ಕೀವು ನಮ್ಮದರ ಹಾಗೆ ಹರಿಯುವುದಿಲ್ಲ, ಗಿಣ್ಣಿನ ಹಾಗೆ ಗಟ್ಟಿ. ಒಳಗೇ ಕೂತು ಮೂಳೆಗೆ ಇಳಿಯುತ್ತದೆ. ನಿಮಗೆ ಹತ್ತಿರ ಅಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಫೋನ್ ಮಾಡಿ ಕೇಳಿಕೊಂಡು ಹೋಗಿ.

ಊಟದ ಬಗ್ಗೆ: ಈ ಜಾತಿಯ ಹೆಣ್ಣಿಗೆ ಐದು ಕೆಜಿ ಆಸುಪಾಸು ಸರಿ, ನಿಮ್ಮದು ಸ್ವಲ್ಪ ಜಾಸ್ತಿ. ಕುದುರೆ ಮಸಾಲೆ ಸೊಪ್ಪು ಎಳೆಯ ಮರಿಗೆ ಸರಿ. ದೊಡ್ಡದಕ್ಕೆ ಕೊಬ್ಬಿಸುತ್ತದೆ, ಕ್ಯಾಲ್ಸಿಯಂ ಜಾಸ್ತಿಯಾಗಿ ಉಚ್ಚೆ ಸುಣ್ಣದ ತಿಳಿಯಂತಾಗುತ್ತದೆ. ಪೆಲೆಟ್ ಒಂದು ಕೆಜಿ ತೂಕಕ್ಕೆ ದಿನಕ್ಕೆ 20–25 ಗ್ರಾಂ ದಾಟದಿರಲಿ. ಒಂದೇ ದಿನ ನಿಲ್ಲಿಸಬೇಡಿ, ಎರಡು ಮೂರು ವಾರದಲ್ಲಿ ಇಳಿಸುತ್ತಾ ಗರಿಕೆ, ಒಣಹುಲ್ಲು ಏರಿಸಿ. ಹನ್ನೆರಡು ಗಂಟೆ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಹೊಲಿಗೆಮನೆ (ಮೂರು ವಾರದ ನಂತರ):

ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ ಐದೂವರೆಗೇ ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಹೋಗಿ ಬಂದೆವು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿಲ್ಲ. ಅಲ್ಲಿಯವರೆಗೆ ಉಸಿರು ಹಿಡಿದಿದ್ದೆ. ನೋವಿಗೆ, ಸೋಂಕಿಗೆ ಔಷಧ ಕೊಟ್ಟರು. ಅಮಾಕ್ಸಿಸಿಲಿನ್ ಅಲ್ಲ, ಕೇಳಿದೆ.

ಅತ್ತೆಯ ಕೌದಿಗೆ ಕತ್ತರಿ ಹಾಕಲು ಮನಸ್ಸು ಬರಲಿಲ್ಲ. ಅವರ ಮದುವೆ ಸೀರೆಯ ತುಂಡೂ ಇದೆ ಅದರಲ್ಲಿ. ಲೈನಿಂಗ್ ಬಟ್ಟೆಯ ಚೂರು ನನ್ನಲ್ಲಿ ಚೀಲಗಟ್ಟಲೆ ಬಿದ್ದಿದ್ದವು. ಎಂಟು ಪದರ ಜೋಡಿಸಿ ಮಷಿನ್ ಹೊಲಿಗೆ ಹಾಕಿದೆ, ಮೇಲೆ ಫ್ಲೀಸಿನ ದಿಂಬಿನ ಚೀಲ, ಅಂಚೆಲ್ಲಾ ಒಳಗೆ ಮಡಚಿದ್ದು. ಮೊಣಕೈ ಊರಿ ನೋಡಿದೆ, ನೆಲ ತಾಗಿತು. ಬಿಚ್ಚಿ ಇನ್ನೂ ನಾಲ್ಕು ಪದರ ಸೇರಿಸಿದೆ.

ಮೊದಲ ದಿನ ಮುಂಗಾಲಲ್ಲಿ ಕೆರೆದು ಗುಡ್ಡೆ ಮಾಡಿತು. ಎರಡನೇ ದಿನ ಮೇಲೆ ಉಚ್ಚೆ ಹೊಯ್ದು ನನ್ನ ಮುಖ ನೋಡಿತು. ಮೂರನೇ ದಿನ ತಣ್ಣನೆ ಬಾಟಲಿಗೆ ಒರಗಿ ಮಲಗಿತು, ಹಿಂಗಾಲು ಎರಡೂ ಪಕ್ಕಕ್ಕೆ ಚಾಚಿ. ಇಷ್ಟು ವರ್ಷದಲ್ಲಿ ಅದು ಹಾಗೆ ಕಾಲು ಚಾಚಿದ್ದನ್ನು ನಾನು ನೋಡಿರಲಿಲ್ಲ. ಕೂತೇ ಇರುವ ಸ್ವಭಾವ ಅಂದುಕೊಂಡಿದ್ದೆ.

ಹಕ್ಕಳೆ ಈಗ ಕಡಲೆಬೇಳೆಯಷ್ಟಿದೆ, ಒಣಗಿದೆ. ಒಣಹುಲ್ಲಿನ ಜೊತೆ ನಾಲ್ಕು ಎಳೆ ಕೊತ್ತಂಬರಿ ಸಿಕ್ಕಿಸಿದರೆ ಹುಲ್ಲನ್ನೂ ತಿನ್ನುತ್ತದೆ. ತೂಕ 200 ಗ್ರಾಂ ಇಳಿದಿದೆ. ತೊಂದರೆ ಈಗ ನನ್ನದು. ಮೆತ್ತೆ ಪೆಡಲ್ ಪಕ್ಕದ ಜಾಗವನ್ನೆಲ್ಲಾ ತಿಂದುಬಿಟ್ಟಿದೆ, ಓರೆಯಾಗಿ ಕೂತು ಹೊಲಿಯುತ್ತಿದ್ದೇನೆ.

ಗರಿಕೆಹುಲ್ಲು:

ಖುಷಿಯಾಯಿತು ಅಕ್ಕ. ಉಗುರಿನ ಸುದ್ದಿಯೇ ಎತ್ತಲಿಲ್ಲ ನೀವು?

ಹೊಲಿಗೆಮನೆ:

ಮುಂಗಾಲು ಆಯಿತು. ಹಿಂಗಾಲಲ್ಲಿ ಬಲಗಡೆಯ ನಾಲ್ಕೂ ಆದವು. ಎಡಗಡೆ ನಾಲ್ಕು ಬಾಕಿ, ಮುಟ್ಟಿದರೆ ಗುರ್ ಅನ್ನುತ್ತದೆ. ಭಾನುವಾರ ಯಜಮಾನರಿಗೆ ರಜೆ, ಆಗ ನೋಡಬೇಕು.