ಇನ್ಸುಲಿನ್ ಆದಮೇಲೆ ನಾಯಿ ತೂರಾಡಿತು, ರಾತ್ರಿ ಡೋಸ್ ಕೊಡಲಾ?

ಚಿನ್ನಿಯ ಅಮ್ಮ:
ನಮ್ಮ ಚಿನ್ನಿ ಲ್ಯಾಬ್ರಡಾರ್, 9 ವರ್ಷ. ಮೂರು ತಿಂಗಳಿಂದ ಶುಗರ್, ದಿನಕ್ಕೆ ಎರಡು ಸಲ 10 ಯೂನಿಟ್. ಇವತ್ತು ಬೆಳಿಗ್ಗೆ ಎಂದಿನಂತೆ ಊಟ ಮಾಡಿದಳು, ಇಂಜೆಕ್ಷನ್ ಕೊಟ್ಟೆ. ಹನ್ನೊಂದಕ್ಕೆ ನೋಡಿದರೆ ಹಿಂಗಾಲು ನಿಲ್ಲುತ್ತಿಲ್ಲ, ಅಡುಗೆಮನೆ ಬಾಗಿಲಿಗೆ ಡಿಕ್ಕಿ ಹೊಡೆದು ಅಲ್ಲೇ ಮಲಗಿಬಿಟ್ಟಳು, ಹೆಸರು ಕರೆದರೂ ಬಾಲ ಅಲ್ಲಾಡಲಿಲ್ಲ. ಗಾಬರಿಯಲ್ಲಿ ಬೆರಳಿಗೆ ಜೇನು ಹಚ್ಚಿಕೊಂಡು ಒಸಡಿಗೆ ಸವರಿದೆ. ಹತ್ತು ನಿಮಿಷಕ್ಕೆ ತಲೆ ಎತ್ತಿದಳು, ಆಮೇಲೆ ಅನ್ನ ತಿಂದಳು. ಡಾಕ್ಟರ್ ಫೋನ್ ಎತ್ತುತ್ತಿಲ್ಲ. ರಾತ್ರಿ ಡೋಸ್ ಕೊಡಲಾ ಬೇಡ್ವಾ?

ಮಲೆನಾಡಿನವ:
ಡಾಕ್ಟರ್ ಹತ್ರ ಮಾತಾಡದೆ ಕೊಡಬೇಡಿ ಅಕ್ಕ. ಶುಗರ್ ತೀರಾ ಇಳಿದಿದೆ. ಜೇನು ಸವರಿದ್ದು ಸರಿ, ಆದರೆ ಇನ್ಸುಲಿನ್ ಇನ್ನೂ ಒಳಗೆ ಕೆಲಸ ಮಾಡ್ತಾ ಇರುತ್ತೆ, ಜೇನಿನ ಬಲ ಮುಗಿದ ಮೇಲೆ ಮತ್ತೆ ಇಳಿಯಬಹುದು. ಎದ್ದಳಲ್ಲ ಅಂತ ಸುಮ್ನೆ ಕೂರಬೇಡಿ, ಬೇರೆ ಕ್ಲಿನಿಕ್ ಆದರೂ ಸರಿ ಈಗಲೇ ಹೊರಡಿ. ದಾರಿಯಲ್ಲಿ ಫಿಟ್ಸ್ ಬಂದರೆ ಬಾಯೊಳಗೆ ಬೆರಳು ಹಾಕಬೇಡಿ, ನೀರು ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಶುಗರ್‌ಫ್ರೀ ಪದಾರ್ಥ ಯಾವುದೂ ಬೇಡ, ಅದರಲ್ಲಿ ಕ್ಸೈಲಿಟಾಲ್ ಅನ್ನೋ ಸಕ್ಕರೆ ಬದಲಿನ ಸಿಹಿ ಇದ್ದರೆ ನಾಯಿಗೆ ವಿಷ.

ರಾಜಾನ ಮನೆಯವರು:
ನಮ್ಮ ರಾಜಾಗೆ ಉಲ್ಟಾ ಆಗಿತ್ತು. ಊರಿಗೆ ಹೋದಾಗ ನಾಲ್ಕು ದಿನ ಡೋಸ್ ತಪ್ಪಿತು. ವಾಂತಿ, ಊಟ ಬಿಟ್ಟ, ಜೋರು ಉಸಿರು, ಬಾಯಲ್ಲಿ ನೈಲ್ ಪಾಲಿಶ್ ಅಳಿಸುವ ದ್ರವದ ವಾಸನೆ. ಅದು ಕೀಟೋನ್ ಏರಿದ್ದು, ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸಿದಾಗ ರಕ್ತದಲ್ಲಿ ಸೇರುವ ಆಮ್ಲ. ಅದಕ್ಕೆ ಮನೆಮದ್ದೇ ಇಲ್ಲ, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಪೊಟ್ಯಾಷಿಯಂ ನೋಡ್ಕೊಂಡು ಇನ್ಸುಲಿನ್ ಕೊಟ್ಟರು. ಮೂರು ದಿನ ಅಲ್ಲೇ ಇದ್ವಿ. ಡೋಸ್ ಬೇಡ ಅಂದಿದ್ದಾರೆ ಅಂತ ನೀವಾಗಿಯೇ ದಿನಗಟ್ಟಲೆ ನಿಲ್ಲಿಸಬೇಡಿ.

ಸಿರಿಂಜ್ ನೋಡಿ:
ಮೂರು ತಿಂಗಳು ಸರಿ ಇದ್ದಿದ್ದು ಇವತ್ತು ಯಾಕೆ ಹೀಗಾಯ್ತು? ಹೊಸ ಬಾಟಲಿ ತಂದ್ರಾ?

ಚಿನ್ನಿಯ ಅಮ್ಮ:
ಹೌದು, ನಿನ್ನೆ ಸಂಜೆ. ಹಳೇದು ಸ್ಟಾಕ್ ಇಲ್ಲ, ಇದೂ ಅದೇ ಔಷಧಿ ಅಂದರು. ಇವತ್ತೇ ಮೊದಲ ಸಲ ತೆಗೆದಿದ್ದು.

ಸಿರಿಂಜ್ ನೋಡಿ:
ಲೇಬಲ್ ಓದಿ. ಒಂದು ಎಂಎಲ್‌ಗೆ 40 ಯೂನಿಟ್ ಅಂತಿದೆಯಾ, 100 ಅಂತಿದೆಯಾ? ಸಿರಿಂಜ್ ಮುಚ್ಚಳ ಕೆಂಪಾ ಕಿತ್ತಳೆಯಾ?

ಚಿನ್ನಿಯ ಅಮ್ಮ:
ಬಾಟಲಿ ಮೇಲೆ 100. ಸಿರಿಂಜ್ ಹಳೇದೇ, ಕೆಂಪು ಮುಚ್ಚಳ, 40 ಅಂತ ಬರೆದಿದೆ.

ಸಿರಿಂಜ್ ನೋಡಿ:
ಅದೇ ಆಗಿರೋದು. ಆ ಸಿರಿಂಜಿನ ಗೆರೆ 40ರ ಬಾಟಲಿಗೆ ಹಾಕಿದ್ದು, 100ರ ಔಷಧಿಯನ್ನ ಅದರಲ್ಲಿ 10ರ ಗೆರೆವರೆಗೆ ಎಳೆದರೆ 25 ಯೂನಿಟ್ ಹೋಗಿದೆ, ಎರಡೂವರೆ ಪಟ್ಟು. ಬಾಟಲಿ, ಸಿರಿಂಜ್ ಎರಡನ್ನೂ ತಗೊಂಡು ಹೋಗಿ ತೋರಿಸಿ, 25 ಹೋಗಿದೆ ಅಂತ ಮೊದಲೇ ಹೇಳಿ.

ಚಿನ್ನಿಯ ಅಮ್ಮ:
ಆಟೋದಲ್ಲಿದ್ದೇವೆ. ತೊಡೆ ಮೇಲೆ ತಲೆ ಇಟ್ಟಿದ್ದಾಳೆ, ಕರೆದರೆ ಕಣ್ಣು ಬಿಡ್ತಿದ್ದಾಳೆ. ಜೇನಿನ ಬಾಟಲಿ ಕೈಯಲ್ಲೇ ಇದೆ.